ಸೀರೆ ಚೂರಿನ ಗಂಟು

ನಮ್ಮ ಮೇಡಂ ಉತ್ತರಪತ್ರಿಕೆಗಳನ್ನು ಪೆನ್ಸಿಲ್ಲಿನಲ್ಲಿ ತಿದ್ದುತ್ತಿದ್ದರು. ಅವರ ಬ್ಯಾಗಿನಲ್ಲಿ ಒಂದು ಮೋಟು ಪೆನ್ಸಿಲ್ಲು, ಸವೆದು ಕಪ್ಪಾದ ಒಂದು ರಬ್ಬರು, ಬಸ್ ಪಾಸು, ಊಟದ ಡಬ್ಬಿ, ಹಳೆ ಸೀರೆಯಿಂದ ಹರಿದ ನಾಲ್ಕೈದು ಬಟ್ಟೆ ಚೂರು, ಇಷ್ಟು ಸದಾ ಇರುತ್ತಿತ್ತು. ಚಾಮರಾಜನಗರದ ಆ ಕಾಲೇಜಿನಲ್ಲಿ ಮಿಕ್ಕ ಲೆಕ್ಚರರುಗಳೆಲ್ಲ ಕೆಂಪು ಪೆನ್ನಿನಲ್ಲಿ ಗೀಚಿ ಎಸೆಯುವಾಗ ಇವರೊಬ್ಬರು ಅಳಿಸುವುದು, ಮತ್ತೆ ಬರೆಯುವುದು ಮಾಡುತ್ತಾ ಕೂತಿರುತ್ತಿದ್ದರು. "ಏನ್ ಮೇಡಂ, ಇನ್ನೂ ಒಂದನೇ ಕ್ಲಾಸಾ?" ಅಂತ ಯಾರಾದರೂ ರೇಗಿಸಿದರೆ, "ಹೂಂ, ಇನ್ನೂ ಪಾಸಾಗಿಲ್ಲ" ಅಂದು ನಗುತ್ತಿದ್ದರು.

ಅವರು ಹುಟ್ಟಾ ಪೆನ್ಸಿಲ್ಲಿನವರಲ್ಲ. ನಾನು ಬಿ.ಎಸ್ಸಿ. ಸೇರಿದಾಗ ಅವರೂ ಎಲ್ಲರಂತೆ ಕೆಂಪು ಪೆನ್ನಿನವರೇ. ಪೆನ್ಸಿಲ್ಲಿಗೆ ಬಂದದ್ದು ನನ್ನಿಂದಾಗಿ. ನನ್ನಿಂದಾಗಿ, ಮತ್ತು ಪುಟ್ಟತಾಯಿ ಅನ್ನುವ ನನ್ನ ಸಹಪಾಠಿಯಿಂದಾಗಿ. ಕಳೆದ ತಿಂಗಳು ಮೇಡಂ ಹೋಗಿಬಿಟ್ಟರು. ಈ ಕಥೆ ಗೊತ್ತಿರುವವರು ಈಗ ಉಳಿದಿರುವುದು ನಾವಿಬ್ಬರೇ. ಪುಟ್ಟತಾಯಿ ಬರೆಯುವವಳಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ಮೇಡಂ ಗುಂಡ್ಲುಪೇಟೆಯವರು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಚಾಮರಾಜನಗರಕ್ಕೆ ಬಂದು ಸಂಜೆ ನಾಲ್ಕು ಗಂಟೆಯ ಬಸ್ಸಿಗೆ ವಾಪಸು. ಆ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಕಿಟಕಿ ಸೀಟಿನಲ್ಲಿ ಯಾರಾದರೂ ಹೊಸಬರು ಕೂತರೆ ಕಂಡಕ್ಟರು, "ಏಳಪ್ಪೋ, ಅದು ಮೇಡಮ್ಮೋರ ಸೀಟು" ಅಂತ ಎಬ್ಬಿಸುತ್ತಿದ್ದ. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಅಂತ ಕೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಕೇಳಿದವರಿಗೂ, "ಬಸ್ಸು ತಪ್ಪೋಯ್ತು" ಅನ್ನುವುದಕ್ಕಿಂತ ಹೆಚ್ಚಿನ ಉತ್ತರ ಸಿಗಲಿಲ್ಲವಂತೆ. ಮನೆಯಲ್ಲಿ ಅವರ ಅಕ್ಕ ಇದ್ದರು. ತಾಯಿ ನಾವು ಕಾಲೇಜು ಸೇರುವ ಮೊದಲೇ ತೀರಿಕೊಂಡಿದ್ದರು.

ಆ ತಾಯಿಯನ್ನು ನಾವು ನೋಡಿಲ್ಲ, ಆದರೆ ಚೆನ್ನಾಗಿ ಬಲ್ಲೆವು. ಪಾಠದ ನಡುವೆ ದಿನಕ್ಕೊಂದು ಸಲವಾದರೂ ಅವರು ಮೇಡಂ ಮಾತಿನಲ್ಲಿ ಬರುತ್ತಿದ್ದರು. ಗುಂಡ್ಲುಪೇಟೆಯ ಮಂಡಿಯಲ್ಲಿ ಸಣ್ಣ ಈರುಳ್ಳಿ ಆಯುವ ಹೆಂಗಸರಲ್ಲಿ ಅವರೂ ಒಬ್ಬರು. ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಗಟ್ಟಿಯದು ಒಂದು ಕಡೆ, ಮೆತ್ತಗಾದದ್ದು ಒಂದು ಕಡೆ ಹಾಕುವ ಕೆಲಸ. ಆಯ್ದು ತುಂಬಿದ ಚೀಲದ ಬಾಯಿಗೆ ಹಳೆ ಸೀರೆಯ ಚೂರು ಕಟ್ಟುತ್ತಿದ್ದರಂತೆ. ಒಂದು ಚೂರು ಕಟ್ಟಿದ್ದರೆ, ಬಿಸಿಲಿಗೆ ಹರವಿ ಮತ್ತೆ ನೋಡಬೇಕು ಅಂತ. ಒಂದರ ಬಾಲಕ್ಕೆ ಒಂದು ಗಂಟು ಹಾಕಿ ನಾಲ್ಕು ಚೂರಿನ ಸರ ಕಟ್ಟಿದ್ದರೆ, ಆ ಚೀಲ ಸೀದಾ ತಿಪ್ಪೆಗೆ. ತಿಪ್ಪೆಗೆ ಸುರಿಯುವ ಮೊದಲು ಆ ಚೂರುಗಳನ್ನು ಬಿಚ್ಚಿ ತಂದು ಕೊಡಲೇಬೇಕು. "ಈರುಳ್ಳಿ ಕೊಳೀತದ, ಸೀರೆ ಯಾಕ ಕೊಳೀಬೇಕು?" ಅಂತ ಆಯಮ್ಮ ಹಮಾಲಿಗಳನ್ನು ಗದರುತ್ತಿದ್ದರಂತೆ. ಕಟ್ಟುವ ಮೊದಲು ಚೀಲದೊಳಕ್ಕೆ ಕೈ ಹಾಕಿ, "ಇನ್ನೊಂದ್ಸಲ ನೋಡನ" ಅನ್ನುವುದು ಅವರ ಮಾತು. ಅದು ಮಗಳಿಗೂ ಬಂದಿತ್ತು. ಟೊಮೆಟೊ ಮಾರುವವನ ಹತ್ತಿರವೂ ಮೇಡಂ, "ಇನ್ನೊಂದ್ಸಲ ನೋಡನ" ಅಂದು ಬುಟ್ಟಿ ಕೆದಕುತ್ತಿದ್ದರು. "ನೋಡಿ ಮೇಡಂ, ನೋಡ್ತಾನೇ ಇರಿ, ಅಷ್ಟೊತ್ಗೆ ಅಣ್ಣಾಗ್ಬುಡ್ತದ" ಅಂತ ಅವನು ಗೊಣಗುತ್ತಿದ್ದ.

ಇಷ್ಟೆಲ್ಲ ನೋಡುವ ಹೆಂಗಸು ಒಂದೇ ಒಂದು ಸಲ ನೋಡದೆ ಸಹಿ ಹಾಕಿದರು.

ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಪರೀಕ್ಷೆಗೆ ಎರಡು ತಿಂಗಳಿರುವಾಗ ಆಫೀಸಿನಿಂದ ಒಂದು ಪಟ್ಟಿ ಬರುತ್ತಿತ್ತು. ಹೆಸರಿನ ಮುಂದೆ ನಾಲ್ಕು ಮನೆ: ಹಾಜರಿ, ಟೆಸ್ಟು, ರೆಕಾರ್ಡ್ ಬುಕ್ಕು, ತಂದೆತಾಯಿ ಬಂದು ಹೋದದ್ದು. ನಾಲ್ಕರಲ್ಲೂ ಕೆಂಪು ಕತ್ತರಿ ಗುರುತು ಬಿದ್ದರೆ ಆ ವರ್ಷ ಅವರ ಪರೀಕ್ಷೆ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ. ಕಾಲೇಜಿನ ರಿಸಲ್ಟು ಚೆನ್ನಾಗಿ ಕಾಣಬೇಕಲ್ಲ. ಪಟ್ಟಿ ತಯಾರು ಮಾಡುವವರು ಗುಮಾಸ್ತರು. ಸ್ಟಾಫ್ ರೂಮಿಗೆ ಹೊತ್ತು ತರುವವನು ಅಟೆಂಡರು. ಕೊನೆಯಲ್ಲಿ ಸಹಿ ಹಾಕಬೇಕಾದವರು ಕ್ಲಾಸ್ ಟೀಚರು. ನಮ್ಮ ಕ್ಲಾಸ್ ಟೀಚರು ಮೇಡಮ್ಮೇ.

ನಾಲ್ಕು ಗಂಟೆ ಬಸ್ಸಿಗೆ ಐದು ನಿಮಿಷ ಇರುವಾಗ ಪಟ್ಟಿ ಬಂತಂತೆ. ಮೇಡಂ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿದ್ದರು. ಅಟೆಂಡರು ಫೈಲನ್ನೇ ಮೇಜಿನ ಹಾಗೆ ಹಿಡಿದು ನಿಂತ. ನಿಂತಲ್ಲೇ ಕೆಂಪು ಪೆನ್ನಿನಲ್ಲಿ ಎರಡು ಹೆಸರಿನ ಮುಂದೆ ಎರಡು ಸಹಿ ಹಾಕಿ ಬಸ್ಸಿಗೆ ಓಡಿದರು. ಒಂದು ಹೆಸರು ನನ್ನದು, ಇನ್ನೊಂದು ಪುಟ್ಟತಾಯಿಯದು. ಬಸ್ಸು ಸಿಕ್ಕಿತು.

ನಾನು ಆ ಎರಡು ತಿಂಗಳು ಕಾಲೇಜಿಗೇ ಹೋಗಿರಲಿಲ್ಲ. ನಮ್ಮೂರು ಹರದನಹಳ್ಳಿ. ಆದರೆ ಅವ್ವನ ತವರು ಗುಂಡ್ಲುಪೇಟೆಯ ಪಕ್ಕ. ಸುಗ್ಗಿ ಕಾಲದಲ್ಲಿ ಅವ್ವ ತವರಲ್ಲೇ ಉಳಿದು ಮಂಡಿಗೆ ಈರುಳ್ಳಿ ಆಯಲು ಹೋಗುತ್ತಿದ್ದಳು. ಆ ಸಲ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಮಂಡಿಯಲ್ಲಿ ಒಂದು ವಾರ ಜಾಗ ಖಾಲಿ ಬಿಟ್ಟರೆ ಇನ್ಯಾರೋ ಬಂದು ಕೂರುತ್ತಾರೆ. ಅದಕ್ಕೆ ಅವ್ವನ ಜಾಗದಲ್ಲಿ ನಾನು ಕೂತೆ. ಕಾಲೇಜಿಗೆ ಹೇಳಿ ಕಳಿಸಬಹುದಿತ್ತು. ಬಿ.ಎಸ್ಸಿ. ಓದುವವಳು ಈರುಳ್ಳಿ ಆಯುತ್ತಾಳೆ ಅಂತ ಹೇಳಿಕೊಳ್ಳಲು ನನಗೆ ನಾಚಿಕೆ.

ಸಹಿ ಹಾಕಿದ ಮೂರನೆಯ ದಿನ, ಭಾನುವಾರ, ಮೇಡಂ ಮಂಡಿಗೆ ಬಂದರು. ತಾಯಿ ಹೋದ ಮೇಲೂ ಅವರಿಗೆ ಅಲ್ಲಿಗೊಮ್ಮೆ ಬಂದು ಹಳೆ ಹೆಂಗಸರನ್ನು ಮಾತಾಡಿಸಿ ಹೋಗುವ ಅಭ್ಯಾಸ. ದೂರದಿಂದ ಕಂಡ ಕೂಡಲೇ ನಾನು ತಲೆ ಮೇಲಿನ ವಲ್ಲಿ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡು ರಾಶಿಗೆ ಬಗ್ಗಿದೆ. ಚಪ್ಪಲಿ ನನ್ನ ಮುಂದೆಯೇ ಬಂದು ನಿಂತವು.

"ಯಾರಮ್ಮಿ ನೀನು? ನಮ್ ಕ್ಲಾಸಿನೋಳಲ್ವಾ? ಮೂರನೇ ಬೆಂಚು, ಗೋಡೆ ಕಡೆ?"

ಪಕ್ಕದಲ್ಲಿದ್ದ ಮುದುಕಿ ನನ್ನ ಪರವಾಗಿ ಎಲ್ಲವನ್ನೂ ಹೇಳಿಬಿಟ್ಟಳು. "ಅವ್ವನ್ ಕೈ ಮುರ್ದೋಗದ ಮೇಡಮ್ಮ. ಈ ಕೂಸು ಬಂದು ಕೂತದ. ಓದೋ ಕೂಸಂತ, ಕಣ್ಣಲ್ಲಿ ನೀರ್ ಆಕತ್ತ ಆಯ್ತದ. ಈರುಳ್ಳಿಗೋ ಓದ್ಗೋ ಗೊತ್ತಿಲ್ಲ."

ಮೇಡಂ ಸೀರೆ ಎತ್ತಿ ಸಿಕ್ಕಿಸಿ ನನ್ನೆದುರು ಕುಕ್ಕರುಗಾಲಲ್ಲಿ ಕೂತರು. ಕೂತು ಆಯಲು ಶುರು ಮಾಡಿದರು. ಅವರು ಒಂದು ಬುಟ್ಟಿ ತುಂಬುವಷ್ಟರಲ್ಲಿ ನನ್ನದು ಅರ್ಧವೂ ಆಗಿರಲಿಲ್ಲ. ನಾನು ನಾಲ್ಕು ಚೂರಿನ ಸರ ಕಟ್ಟಿ ಬದಿಗಿಟ್ಟ ಚೀಲವೊಂದನ್ನು ಎಳೆದುಕೊಂಡು, "ಬಿಚ್ಚು. ಇನ್ನೊಂದ್ಸಲ ನೋಡನ" ಅಂದರು. ಬಿಚ್ಚಿದೆ. ತಿಪ್ಪೆಗೆ ಹೋಗಬೇಕಾಗಿದ್ದ ಆ ಚೀಲದಲ್ಲಿ ಅರ್ಧ ಬುಟ್ಟಿ ಗಟ್ಟಿ ಈರುಳ್ಳಿ ಸಿಕ್ಕಿತು. ಮೇಡಂ ಆ ಬುಟ್ಟಿಯನ್ನು ಬಹಳ ಹೊತ್ತು ನೋಡುತ್ತಾ ಕೂತರು. ಆಮೇಲೆ, "ನಿನ್ನ ಹೆಸರಿಗೆ ನಾನು ಸಹಿ ಹಾಕ್ಬುಟ್ಟಿದ್ದೀನಿ ಕಣಮ್ಮಿ" ಅಂದರು.

ಸೋಮವಾರ ಅವರು ಪ್ರಿನ್ಸಿಪಾಲರ ಕೋಣೆಗೆ ಹೋದರು. ಪಟ್ಟಿ ಹೋಗಿ ಆಯಿತು, ಇನ್ನು ಏನೂ ಮಾಡಲಾಗದು ಅಂತ ಉತ್ತರ ಬಂತು. ಮೇಡಂ ಹೊರಗಿನ ಬೆಂಚಿನ ಮೇಲೆ ಕೂತರು. ಬೆಳಿಗ್ಗೆ ಕೂತವರು ನಾಲ್ಕು ಗಂಟೆ ಬಸ್ಸು ಹೋದರೂ ಏಳಲಿಲ್ಲ ಅಂತ ಅಟೆಂಡರು ಆಮೇಲೆ ನನಗೆ ಹೇಳಿದ. "ವಿದ್ಯಾರ್ಥಿನಿಯನ್ನು ವಿಚಾರಿಸದೆ ಸಹಿ ಮಾಡಿದ್ದೇನೆ, ತಪ್ಪು ನನ್ನದು" ಅಂತ ಬರೆದುಕೊಟ್ಟರು. ನನ್ನ ಅರ್ಜಿ ಮುಂದಕ್ಕೆ ಹೋಯಿತು. ಮೇಡಂಗೆ ಒಂದು ಮೆಮೊ ಬಂತು, ಕ್ಲಾಸ್ ಟೀಚರ್ ಕೆಲಸ ಹೋಯಿತು. ಅವತ್ತೇ ಅವರು ದಾರಿಯಲ್ಲಿದ್ದ ಪುಸ್ತಕದಂಗಡಿಯಲ್ಲಿ ಪೆನ್ಸಿಲ್ಲು, ರಬ್ಬರು ಕೊಂಡರು.

ಪಟ್ಟಿಯಲ್ಲಿದ್ದ ಇನ್ನೊಂದು ಹೆಸರಿನ ಬಗ್ಗೆ ಅವರು ಆ ದಿನ ಕೇಳಲಿಲ್ಲ. ಮುಖ ಕಂಡದ್ದು ನನ್ನದು, ಕೇಳಿದ್ದೂ ನನ್ನದನ್ನೇ. ಎರಡು ವಾರದ ನಂತರ ಪುಟ್ಟತಾಯಿಯ ನೆನಪಾಗಿ ಅವಳೂರಿಗೆ ಹೇಳಿ ಕಳಿಸಿದರೆ, ಅವಳು ಆಗಲೇ ತಾಳವಾಡಿ ಕಡೆ ಸೋದರತ್ತೆ ಮನೆಗೆ ಹೋಗಿದ್ದಳು, ಮದುವೆ ಗೊತ್ತಾಗಿತ್ತು. ನಾನೂ ಅವಳ ಬಗ್ಗೆ ವಿಚಾರಿಸಲಿಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅಂತಾರಲ್ಲ, ನಾನು ನನ್ನ ಆಯುಸ್ಸಿನ ಸಂತೋಷದಲ್ಲಿದ್ದೆ.

ಆ ಮಾರ್ಚಿನಲ್ಲಿ ಮೇಡಂ ಮಾಡಿದ ಕೊನೆಯ ಪಾಠವನ್ನು ನಾನು ಸಾಯುವವರೆಗೂ ಮರೆಯಲಾರೆ. ಜೀವಕೋಶ ತನಗೆ ಬೇಡವಾದ ಪ್ರೋಟೀನನ್ನು ಹೇಗೆ ಗುರುತಿಸಿ ಒಡೆಯುತ್ತದೆ ಅನ್ನುವ ಪಾಠ. ಪುಸ್ತಕದಲ್ಲಿ ಒಂದೂವರೆ ಪುಟ, ನಮ್ಮ ಸೀನಿಯರುಗಳೆಲ್ಲ ಬಿಟ್ಟುಬಿಡಿ ಅಂದಿದ್ದರು. ಮೇಡಂ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಬ್ಯಾಗಿನಿಂದ ತಾಯಿಯ ಸೀರೆಯ ಚೂರುಗಳನ್ನು ತೆಗೆದು ಮೇಜಿನ ಮೇಲಿಟ್ಟರು.

"ಇದರ ಹೆಸರು ಯುಬಿಕ್ವಿಟಿನ್. ಬಾಯಿ ತುಂಬ ಹೆಸರಿದ್ದರೂ ಇದು ಪುಟಾಣಿ ಪ್ರೋಟೀನು. ಎಲ್ಲೆಲ್ಲೂ ಇರುತ್ತದೆ ಅಂತ ಆ ಹೆಸರು. ರಾಗಿ ಪೈರಿನಲ್ಲೂ ಇದೆ, ಎಮ್ಮೆಯಲ್ಲೂ ಇದೆ, ಪ್ರಿನ್ಸಿಪಾಲರಲ್ಲೂ ಇದೆ. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ತರಹ." ಪ್ರಿನ್ಸಿಪಾಲರು ಅಂದದ್ದಕ್ಕೆ ನಾವು ನಕ್ಕೆವು, ಅವರೂ ನಕ್ಕರು.

ಆಮೇಲೆ ಮೂವರನ್ನು ಎಬ್ಬಿಸಿದರು. ಇ-ಒನ್, ಇ-ಟು, ಇ-ತ್ರೀ ಅಂತ ಮೂರು ಕಿಣ್ವಗಳು. ಮೊದಲನೆಯದು ಚೂರನ್ನು ಕಟ್ಟಲು ಸಿದ್ಧ ಮಾಡುತ್ತದೆ. ಎರಡನೆಯದು ಅದನ್ನು ಹೊತ್ತು ತರುತ್ತದೆ. ಈ ಎರಡಕ್ಕೂ ಯಾರಿಗೆ ಕಟ್ಟಬೇಕು ಅನ್ನುವುದು ಗೊತ್ತಿಲ್ಲ. ಮೂರನೆಯದು ಮಾತ್ರ ಆ ಪ್ರೋಟೀನಿನ ಚಹರೆ ಗುರುತಿಸಿ, ಇದಕ್ಕೇ ಕಟ್ಟು ಅನ್ನುತ್ತದೆ. ಅದಕ್ಕೇ ಮೊದಲನೆಯದು ಒಂದೆರಡು ತರಹ ಇದ್ದರೆ ಸಾಕು, ಮೂರನೆಯದರಲ್ಲಿ ನೂರಾರು ತರಹ, ಒಂದೊಂದಕ್ಕೂ ಒಂದೊಂದು ಚಹರೆ ಗೊತ್ತು. "ಗುಮಾಸ್ತರು ಒಬ್ಬರೇ ಸಾಕು, ಅಟೆಂಡರು ನಾಲ್ಕು ಜನ ಸಾಕು. ಮುಖ ನೋಡುವವರು ಮಾತ್ರ ಬಹಳ ಜನ ಬೇಕು" ಅಂದರು ಮೇಡಂ. ನನ್ನನ್ನು ಇ-ತ್ರೀ ಮಾಡಿದ್ದರು. ನಾನು ಒಂದು ಚೂರನ್ನು ಬೆಂಚಿನ ಕಾಲಿಗೆ ಗಂಟು ಹಾಕಿದೆ.

ಒಂದು ಚೂರು ಕಟ್ಟಿದರೆ ಸಾವಲ್ಲ ಅಂತ ಹೇಳಿಕೊಟ್ಟರು. ಒಂದೇ ಚೂರು ಕಟ್ಟಿಸಿಕೊಂಡ ಪ್ರೋಟೀನು ಜಾಗ ಬದಲಿಸಬಹುದು, ಬೇರೆ ಕೆಲಸಕ್ಕೆ ಹಚ್ಚಿಕೊಳ್ಳಬಹುದು. ಸಾಮಾನ್ಯವಾಗಿ ನಾಲ್ಕೋ ಅದಕ್ಕಿಂತ ಹೆಚ್ಚೋ ಚೂರಿನ ಸರವಾದಾಗ ಪೀಪಾಯಿಯಂತಹ ಒಂದು ಯಂತ್ರ ಅದನ್ನು ಒಳಗೆಳೆದುಕೊಂಡು ತುಂಡರಿಸುತ್ತದೆ. ಪ್ರೋಟಿಯಸೋಮ್ ಅಂತ ಅದಕ್ಕೆ. ಅಲ್ಲಿಗೆ ಹೋಗುವವರೆಲ್ಲ ಕೆಟ್ಟವರಲ್ಲ. ಕೋಶ ಎರಡಾಗಬೇಕಾದರೆ ಕೆಲಸ ಮುಗಿಸಿದ ಒಳ್ಳೆಯ ಪ್ರೋಟೀನುಗಳೂ ಹೊತ್ತಿಗೆ ಸರಿಯಾಗಿ ಹೋಗಬೇಕು. ಆ ತುಂಡುಗಳಿಂದ ಹೊಸ ಪ್ರೋಟೀನು ಆಗುತ್ತದೆ. "ಇನ್ನೊಂದಿದೆ" ಅಂದು ಮೇಡಂ ನನ್ನ ಹತ್ತಿರ ಬಂದರು. "ಕಟ್ಟುವ ಕಿಣ್ವ ಇರುವ ಹಾಗೆ ಬಿಚ್ಚುವ ಕಿಣ್ವವೂ ಇದೆ. ತಪ್ಪಾಗಿ ಕಟ್ಟಿದ್ದನ್ನ ಬಾಗಿಲಿಗೆ ಹೋಗೋ ಮುಂಚೆ ಬಿಚ್ಚಿ ಉಳಿಸಬಹುದು." ಹೀಗಂದು ನಾನು ಕಟ್ಟಿದ್ದ ಗಂಟನ್ನು ತಾವೇ ಬಿಚ್ಚಿದರು. ಬಿಚ್ಚುವಾಗ ಅವರ ಕಣ್ಣು ಎರಡನೇ ಬೆಂಚಿನ ತುದಿಯ ಕಡೆ ಇತ್ತು. ಅದು ಪುಟ್ಟತಾಯಿ ಕೂರುತ್ತಿದ್ದ ಜಾಗ.

ನಾನು ಪಾಸಾದೆ, ಬದನಗುಪ್ಪೆಯ ಒಂದು ಆಹಾರ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನನ್ನ ಕೆಲಸ ಏನು ಅಂತೀರಿ? ಮಾಲಿಗೆ ಚೀಟಿ ಅಂಟಿಸುವುದು. ಹಳದಿ ಚೀಟಿ ಅಂದರೆ ಮತ್ತೆ ಪರೀಕ್ಷೆ ಮಾಡಿ, ಕೆಂಪು ಚೀಟಿ ಅಂದರೆ ಎಸೆಯಿರಿ. ಇದನ್ನು ಮೇಡಂಗೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮವ್ವನ್ ಕೆಲ್ಸಾನೇ ಬಿಳಿ ಕೋಟಾಕೊಂಡ್ ಮಾಡ್ತಿದ್ದೀಯ ಬುಡು!" ಅಂದರು. ನಿವೃತ್ತಿಯ ದಿನ ಕಾಲೇಜಿನವರು ಹಾರ ಹಾಕಿ, ನಾಲ್ಕು ಶಾಲು ಹೊದಿಸಿದರು. ಶಾಲುಗಳನ್ನು ಎಣಿಸಿ, "ನಾಲ್ಕಾಯ್ತಲ್ಲ, ಇನ್ನ ಕಳಿಸ್ಬುಡಿ" ಅಂದರಂತೆ. ಸಭೆಯಲ್ಲಿ ಯಾರಿಗೂ ಅರ್ಥವಾಗದೆ ಚಪ್ಪಾಳೆ ತಟ್ಟಿದರಂತೆ.

ಅದಾದ ವರ್ಷಕ್ಕೆ ಬೆನ್ನುನೋವು ಅಂತ ಶುರುವಾದದ್ದು ಮೂಳೆಯ ಮಜ್ಜೆಯ ಕ್ಯಾನ್ಸರು ಅಂತ ಮೈಸೂರಿನಲ್ಲಿ ಗೊತ್ತಾಯಿತು. ಚಿಕಿತ್ಸೆಗೆ ವಾರವಾರ ಹೊಟ್ಟೆಗೆ ಒಂದು ಇಂಜೆಕ್ಷನ್ನು. ನನಗೆ ರಜೆ ಇದ್ದ ವಾರ ನಾನು ಜೊತೆಗೆ ಹೋಗುತ್ತಿದ್ದೆ. ಮೊದಲ ಸಲ ಹೋದಾಗ ಆ ಮದ್ದು ಹೇಗೆ ಕೆಲಸ ಮಾಡುತ್ತದೆ ಅಂತ ಡಾಕ್ಟರ ಹತ್ತಿರ ಕೇಳಿ ತಿಳಿದುಕೊಂಡು, ಹೊರಗೆ ಬಂದು ಬೆಂಚಿನ ಮೇಲೆ ಕೂತು, ನಗಲೋ ಅಳಲೋ ಅನ್ನುವ ಮುಖ ಮಾಡಿದರು.

"ನನ್ ಪಾಠಾನೇ ನಂಗ್ ಚುಚ್ತಾರೆ ಕಣಮ್ಮಿ."

ಆ ಕ್ಯಾನ್ಸರಿನ ಕೋಶಗಳು ರಾಶಿರಾಶಿ ಪ್ರೋಟೀನು ತಯಾರಿಸುತ್ತವಂತೆ, ಹಾಗಾಗಿ ಅವುಗಳಲ್ಲಿ ಕಸವೂ ಜಾಸ್ತಿ. ಈ ಮದ್ದು ಆ ಪೀಪಾಯಿಯ ಕೆಲಸವನ್ನು ತಡೆಯುತ್ತದೆ. ನಾಲ್ಕು ಚೂರು ಕಟ್ಟಿಸಿಕೊಂಡು ಬಂದದ್ದೆಲ್ಲ ಬಾಗಿಲಲ್ಲೇ ಪೇರಿಕೊಂಡು, ತಮ್ಮ ಕಸದಲ್ಲೇ ಉಸಿರುಗಟ್ಟಿ ಆ ಕೋಶಗಳು ಸಾಯುತ್ತವೆ. ಮೇಡಂ ಇದನ್ನು ಇಂಜೆಕ್ಷನ್ನಿಗೆ ಕಾದು ಕೂತಿದ್ದ ಅಪರಿಚಿತರಿಗೆಲ್ಲ ವಿವರಿಸುತ್ತಿದ್ದರು. ಮಂಡ್ಯ ಕಡೆಯ ಯಜಮಾನರೊಬ್ಬರು, "ಅಂದ್ರೆ ನಮ್ಮೂರ ಚರಂಡಿ ಕಟ್ಕಂಡಂಗೆ ಅನ್ನಿ" ಅಂದಾಗ, "ಸರ್ಯಾಗಿ ಏಳ್ದ್ರಿ!" ಅಂತ ಅವರ ಕೈ ಕುಲುಕಿದರು.

ಮದ್ದು ಕೆಲಸ ಮಾಡಿತು, ಜೊತೆಗೆ ನರಗಳನ್ನೂ ಹಿಡಿಯಿತು. ಪಾದ ಮರಗಟ್ಟಿತು, ಆಮೇಲೆ ಬೆರಳ ತುದಿ. ಪೆನ್ಸಿಲ್ಲು ಕೈಯಿಂದ ಜಾರಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಸ್ವೆಟರಿನ ಗುಂಡಿ ಅಕ್ಕ ಹಾಕಬೇಕು. ರಾಶಿ ಈರುಳ್ಳಿಯಲ್ಲಿ ಮೆತ್ತಗಿನದನ್ನು ಮುಟ್ಟಿದ ಕ್ಷಣದಲ್ಲಿ ಹೇಳುತ್ತಿದ್ದ ಬೆರಳುಗಳು ಅವು. ಅವರ ಮುಂದೆ ಅಳಬಾರದು ಅಂತ ನಾನು ಅಡುಗೆಮನೆಗೆ ಹೋಗಿ ಅಳುತ್ತಿದ್ದೆ. ಅಕ್ಕ ನನ್ನ ಕೈಗೆ ಒಂದು ಈರುಳ್ಳಿ ಕೊಟ್ಟು, "ಎಚ್ಚು, ನೆಪ ಇರ್ಲಿ" ಅನ್ನುತ್ತಿದ್ದರು.

ಈ ಸಲ ಬೇಸಿಗೆಯಲ್ಲಿ ಮದ್ದು ನಾಟುತ್ತಿಲ್ಲ ಅಂತ ಡಾಕ್ಟರು ಹೇಳಿದರು. ಆ ದಿನ ವಾಪಸು ಬರುವಾಗ ಬಸ್ಸಿನಲ್ಲಿ ಮೇಡಂ ಕಿಟಕಿಯ ಕಡೆ ನೋಡುತ್ತಾ, "ಪುಟ್ಟತಾಯಿ ಎಲ್ಲವಳೆ, ಗೊತ್ತಾ?" ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. "ಗೊತ್ತಿಲ್ಲ ಮೇಡಂ" ಅಂದೆ.

ನನಗೆ ಗೊತ್ತಿತ್ತು. ಮೂರು ವರ್ಷದಿಂದ ಅವಳು ನಮ್ಮ ಕಾರ್ಖಾನೆಯಲ್ಲೇ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ದಿನಾ ಒಂದೇ ಕಂಪನಿ ಬಸ್ಸು. ಅವಳು ಹಿಂದೆ ಕೂರುತ್ತಿದ್ದಳು, ನಾನು ಮುಂದೆ. ಮೊದಲ ದಿನವೇ ಇಬ್ಬರಿಗೂ ಗುರುತು ಸಿಕ್ಕಿತ್ತು, ಇಬ್ಬರೂ ಸಿಗದವರ ಹಾಗೆ ಇದ್ದೆವು. ನನ್ನ ಬಿಳಿ ಕೋಟು ಅವಳೆದುರು ನನಗೇ ಚುಚ್ಚುತ್ತಿತ್ತು. ಒಂದೇ ಪಟ್ಟಿಯ ಎರಡು ಹೆಸರು ನಾವು. ಅವಳನ್ನು ಮೇಡಂ ಮುಂದೆ ಕರೆದು ತಂದರೆ ನನಗೆ ಸಿಕ್ಕಿದ್ದು ಅವಳಿಗೆ ಯಾಕೆ ಸಿಗಲಿಲ್ಲ ಅನ್ನುವ ಪ್ರಶ್ನೆಯೂ ಜೊತೆಗೆ ಬರುತ್ತದೆ, ಅದು ನನಗೆ ಬೇಡವಾಗಿತ್ತು.

ಒಂದು ವಾರ ತಡೆದೆ. ಮುಂದಿನ ಭೇಟಿಯಲ್ಲಿ ಮೇಡಂ ಮತ್ತೇನೂ ಕೇಳಲಿಲ್ಲ. ಹಾಸಿಗೆಯ ಮೇಲೆ ಕೂತು ಮರಗಟ್ಟಿದ ಬೆರಳುಗಳಿಂದ ಒಂದು ಸೀರೆ ಚೂರಿಗೆ ಗಂಟು ಹಾಕಲು ನೋಡುತ್ತಿದ್ದರು, ಆಗುತ್ತಿರಲಿಲ್ಲ. "ನಿಂದೊಂದು ಬಿಚ್ಚಿದೆ. ಇನ್ನೊಂದು ಅಂಗೇ ಉಳ್ಕೊಂಡದೆ. ಹದ್ನೆಂಟು ವರ್ಷಾಯ್ತು. ಅವಳ ಮುಖ ನೆಪ್ಪಿಗೇ ಬರಲ್ಲ ಕಣಮ್ಮಿ. ನೋಡಿದ್ರೆ ತಾನೆ ಬರೋದು?" ಅಂದರು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಕರ್ಕೊಂಡು ಬಾ" ಅಂದರು, ಅಷ್ಟೇ.

ಮಾರನೆಯ ದಿನ ಕಂಪನಿ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಿ ಪುಟ್ಟತಾಯಿಯ ಪಕ್ಕ ಕೂತೆ. ವಿಷಯ ಹೇಳಿದೆ. ಅವಳು ಸೀದಾ ಮುಂದೆ ನೋಡುತ್ತಾ, "ನಾನ್ಯಾಕ ಬರ್ಲಿ?" ಅಂದಳು. ನಾಲ್ಕು ದಿನ ದಿನಾ ಹೋಗಿ ಅವಳ ಪಕ್ಕ ಕೂತೆ, ಸುಮ್ಮನೆ. ಐದನೆಯ ದಿನ ಅವಳೇ, "ಬಾನ್ವಾರ ಓಗನ" ಅಂದಳು.

ಭಾನುವಾರ ಹೋದೆವು. ಅಕ್ಕ ಬಾಗಿಲು ತೆಗೆದರು. ಪುಟ್ಟತಾಯಿ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಳು. ಮೇಡಂ ಅವಳ ಮುಖವನ್ನೇ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ, ಪುಟ್ಟತಾಯಿ ಒಂದು ಸಲ ಕಣ್ಣು ತಗ್ಗಿಸಿ, ಆಮೇಲೆ ಮತ್ತೆ ಎತ್ತಿ ತಾನೂ ನೋಡಿದಳು.

"ಎರಡನೇ ಬೆಂಚು, ಈ ತುದಿ" ಅಂದರು ಮೇಡಂ. "ಕಿವೀಲಿ ಕೆಂಪು ಕಲ್ಲಿನ ಓಲೆ ಆಕೊಂಡು ಬತ್ತಿದ್ದೆ. ಈಗ ನೆಪ್ಪಾಯ್ತು."

"ಹೂಂ ಮೇಡಂ."

"ನಿನ್ನ ಹೆಸರಿನ ಮುಂದೆ ಸಹಿ ಹಾಕಿದ್ದು ನಾನು. ಮುಖ ನೋಡ್ದೆ ಹಾಕಿದೆ."

"ಗೊತ್ತು ಮೇಡಂ."

"ಯಾಕೆ ಬತ್ತಿರ್ಲಿಲ್ಲ ನೀನು?"

"ಅಪ್ಪ ಬುಡ್ಸಿದ್ರು. ನಾ ಅತ್ತು ಕರ್ದು ಒಪ್ಪಿಸ್ದೆ. ಪರೀಕ್ಸ ಬರಿ ಬಾರಮ್ಮಿ ಅಂದ್ರು. ಬಂದು ನೋಡುದ್ರ ಬೋರ್ಡಲ್ಲಿ ಎಸ್ರು ಆಕಿದ್ರು." ಮೇಡಂ ಮುಖವನ್ನೇ ನೋಡಿ ಪುಟ್ಟತಾಯಿ ಹೇಳಿದಳು: "ನಂಗ ಓದ್ಬೇಕು ಅಂತಿತ್ತು ಮೇಡಂ."

ಪರವಾಗಿಲ್ಲ ಮೇಡಂ, ಹೋಗಲಿ ಬಿಡಿ ಅಂತ ಅವಳು ಅನ್ನುತ್ತಾಳೆ ಅಂತ ನಾನು ಕಾದೆ. ಅವಳು ಅನ್ನಲಿಲ್ಲ. ಯಾಕೆ ಅನ್ನಬೇಕು?

ಮೇಡಂ ದಿಂಬಿನ ಕೆಳಗಿಂದ ಸೀರೆ ಚೂರು ತೆಗೆದರು. ಕಂದು ಬಣ್ಣದ್ದು, ಅಂಚಿನಲ್ಲಿ ಹಳದಿ ಗೆರೆ. "ಆ ವರ್ಷದ ಕೊನೆ ಪಾಠ ನೀನು ಕೇಳ್ಲಿಲ್ಲ. ಈಗ ಕೇಳ್ತೀಯಾ?" ಅಂದರು. ಪುಟ್ಟತಾಯಿ ತಲೆಯಾಡಿಸಿದಳು. ಚೂರನ್ನು ಅವಳ ಮಣಿಕಟ್ಟಿಗೆ ಸುತ್ತಲು ಹೋದರು, ಬೆರಳು ಕೇಳಲಿಲ್ಲ. ಪುಟ್ಟತಾಯಿ ತಾನೇ ಇಸಿದುಕೊಂಡು, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಹಾಕಿಕೊಂಡಳು. ಪ್ಯಾಕಿಂಗಿನವಳ ಗಂಟು, ಬಿಗಿ.

"ಇದನ್ನ ನಾನೇ ಬಿಚ್ಬೇಕು" ಅಂದರು ಮೇಡಂ. "ಯಾರೂ ಮುಟ್ಬೇಡಿ."

ಶುರು ಮಾಡಿದರು. ಗಂಟು ಎಲ್ಲಿದೆ ಅಂತ ಅವರ ಬೆರಳಿಗೆ ಗೊತ್ತಾಗುತ್ತಿರಲಿಲ್ಲ, ಕಣ್ಣಿನಿಂದಲೇ ಹುಡುಕಬೇಕು. ಹೆಬ್ಬೆರಳು ಜಾರುತ್ತಿತ್ತು. ತುದಿ ಸಿಕ್ಕಿತು ಅನ್ನುವಷ್ಟರಲ್ಲಿ ತಪ್ಪುತ್ತಿತ್ತು. ಅಕ್ಕ ಒಂದು ಸಲ ಕೈ ಚಾಚಿ ಮತ್ತೆ ಹಿಂದಕ್ಕೆಳೆದುಕೊಂಡರು. ಹೊರಗೆ ಕೇರಳದ ಕಡೆ ಹೋಗುವ ತರಕಾರಿ ಲಾರಿಗಳು ಒಂದಾದ ಮೇಲೊಂದು ಹಾರ್ನ್ ಹಾಕಿಕೊಂಡು ಹೋದವು. ಮೇಡಂನ ಹಣೆಯ ಮೇಲೆ ಬೆವರು ಮೂಡಿತು. ಪುಟ್ಟತಾಯಿ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಸಹಾಯವನ್ನೂ ಮಾಡಲಿಲ್ಲ. ಮಣಿಕಟ್ಟು ನೀಡಿಕೊಂಡು ಕೂತಿದ್ದಳು. ಅರ್ಧ ಗಂಟೆ ಆಯಿತೋ ಏನೋ. ಕೊನೆಗೆ ಒಂದು ಎಳೆ ಸಡಿಲವಾಯಿತು, ಆಮೇಲೆ ಗಂಟೇ ಬಿಟ್ಟುಕೊಂಡಿತು. ಚೂರು ಪುಟ್ಟತಾಯಿಯ ಮಡಿಲಿಗೆ ಬಿತ್ತು. ಮೇಡಂ ದಿಂಬಿಗೆ ಒರಗಿ ಕಣ್ಣು ಮುಚ್ಚಿದರು. ಪುಟ್ಟತಾಯಿ ಸೆರಗಿನಿಂದ ಅವರ ಹಣೆ ಒರೆಸಿದಳು. ಆ ಪಾಠದಲ್ಲಿ ಮುಂದೆ ಹೇಳಬೇಕಾದದ್ದು ಇತ್ತು, ಆದರೆ ಮೇಡಂಗೆ ನಿದ್ದೆ ಬಂದಿತ್ತು.

ಹನ್ನೊಂದು ದಿನದ ನಂತರ ಅವರು ಹೋದರು.

ಪುಟ್ಟತಾಯಿಯನ್ನು ಕರೆದುಕೊಂಡು ಹೋಗಿದ್ದ ಆ ಭಾನುವಾರ ಸಂಜೆ ನಾವು ಗುಂಡ್ಲುಪೇಟೆಯಿಂದ ಚಾಮರಾಜನಗರದ ಬಸ್ಸು ಹತ್ತಿದೆವು. ಡ್ರೈವರ್ ಹಿಂದಿನ ಕಿಟಕಿ ಸೀಟು ಖಾಲಿ ಇತ್ತು, ಪುಟ್ಟತಾಯಿ ಹೋಗಿ ಕೂತಳು. ಅದು ಯಾರ ಸೀಟು ಅಂತ ಅವಳಿಗೆ ನಾನು ಹೇಳಲಿಲ್ಲ. ತೆರಕಣಾಂಬಿ ದಾಟಿತು. ಅವಳು ಮುಷ್ಟಿ ತೆರೆದಳು. ಒಳಗೆ ಆ ಕಂದು ಚೂರು ಇತ್ತು.

"ಇದ ಕೊಟ್ಬುಟ್ಟು ಬರ್ಬೇಕಿತ್ತೇನೋ. ಮರ್ತೆ" ಅಂದಳು. ಅದನ್ನು ಬೆರಳಿಗೆ ಸುತ್ತುತ್ತಾ, "ಆ ಪಾಠ್ದಲ್ಲಿ ಆಮೇಕ ಏನಾಯ್ತದ? ಬಿಚ್ಚಿದ್ದು ಎಲ್ಗೋಯ್ತದ?"

"ಅದು ಹಾಳಾಗಲ್ಲ ಕಣೆ" ಅಂದೆ. "ಬಿಚ್ಚಿದ ಮೇಲೆ ವಾಪಸ್ ಬತ್ತದೆ. ಮತ್ತೆ ಬೇರೆ ಕೆಲಸಕ್ಕಾಯ್ತದೆ."

"ಅಂಗಲ್ಲ. ಮೊದ್ಲಿಂದ ಏಳು."

ಮೊದಲಿಂದ ಶುರು ಮಾಡಿದೆ. ರಾಗಿ ಪೈರು, ಎಮ್ಮೆ, ಪ್ರಿನ್ಸಿಪಾಲರು. ಅವಳು ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳಿದಳು. ನನಗೆ ಗೊತ್ತಿಲ್ಲದ್ದನ್ನೂ ಕೇಳಿದಳು. ನಮ್ಮ ಕ್ಲಾಸಿನಲ್ಲಿ ಯಾರೂ ಆ ಪಾಠಕ್ಕೆ ಅಷ್ಟು ಪ್ರಶ್ನೆ ಕೇಳಿರಲಿಲ್ಲ. ಚಾಮರಾಜನಗರ ಬಂತು, ಎಲ್ಲರೂ ಇಳಿದರು. ಕಂಡಕ್ಟರು ಬಂದು, "ಇಳೀರಮ್ಮ, ಬಸ್ಸು ಡಿಪೋಗೋಗ್ಬೇಕು" ಅಂದ.

"ಒಸಿ ತಡಿಯಪ್ಪ" ಅಂದಳು ಪುಟ್ಟತಾಯಿ, ನನ್ನ ಕಡೆಯಿಂದ ಮುಖ ತಿರುಗಿಸದೆ. ನಾವಿನ್ನೂ ಇ-ತ್ರೀಯಲ್ಲೇ ಇದ್ದೆವು.